ಕರಿಮೀನಿನ ವಾಸನೆಯೂ ಬಂದರಿನ ತಕ್ಕಡಿಯೂ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)

ಗೆಳೆಯರೇ,

ಬೆಳಗಿನಿಂದ ಈ ಶಿಬಿರದಲ್ಲಿ ಭೂಮಿಯ ಪ್ರಶ್ನೆ ಆಯಿತು, ಮೀಸಲಾತಿಯ ಪ್ರಶ್ನೆ ಆಯಿತು. ನಮಗೆ ಕೊಟ್ಟಿರುವ ವಿಷಯ ಒಣಮೀನಿನ ಸಗಟು ವ್ಯಾಪಾರ. ಇದನ್ನು ಮೈಕಿನಲ್ಲಿ ಓದಿದಾಗ ಹಿಂದಿನ ಸಾಲಿನಲ್ಲಿ ಕೆಲವರು ಕಿಸಕ್ಕನೆ ನಕ್ಕಿರಿ. ನಮಗೆ ಕೇಳಿಸಿತು. ಬೇಜಾರಿಲ್ಲ. ಆ ನಗು ಎಲ್ಲಿಂದ ಬಂತು ಅನ್ನೋದೇ ಇವತ್ತಿನ ನಮ್ಮ ವಿಷಯ.

ಮೊದಲು ಒಂದು ಘಟನೆ ಹೇಳಿಬಿಡುತ್ತೇವೆ. ನಾವು ಓದುತ್ತಿದ್ದ ಹಾಸ್ಟೆಲಿಗೆ ಒಬ್ಬ ಹುಡುಗ ರಜೆ ಮುಗಿಸಿ ವಾಪಸ್ ಬಂದ. ಅವನ ಅವ್ವ ಕಾಫಿ ತೋಟದಲ್ಲಿ ಕೂಲಿ. ಬಟವಾಡೆಯ ದಿನ ಸಂತೆಯಲ್ಲಿ ಕೊಂಡ ಕರಿಮೀನನ್ನು ಕೆಂಡದ ಮೇಲೆ ಸುಟ್ಟು, ಒಣಮೆಣಸಿನಕಾಯಿ, ಹುಣಸೆಹಣ್ಣು, ಉಪ್ಪು ಹಾಕಿ ಒರಳಲ್ಲಿ ಕುಟ್ಟಿ, ಹಾರ್ಲಿಕ್ಸ್ ಬಾಟ್ಲಿಯಲ್ಲಿ ತುಂಬಿ ಕಳಿಸಿದ್ದಳು. ರಾತ್ರಿ ಊಟಕ್ಕೆ ಕೂತಾಗ ಅವನು ಮುಚ್ಚಳ ತೆಗೆದ. ಊಟದ ಹಾಲೆಲ್ಲ ವಾಸನೆ ಆಯಿತು. ವಾರ್ಡನ್ ಬಂದರು. 'ಇದೇನು ಹಾಸ್ಟೆಲ್ಲಾ, ಇಲ್ಲ ಹಾಳು ಸಂತೆನಾ?' ಅಂತ ಕೇಳಿ ಬಾಟ್ಲಿ ತಗೊಂಡು ಹೋಗಿ ಚರಂಡಿಗೆ ಸುರಿದರು.

ವಾರ್ಡನ್ನನ್ನು ಬಯ್ಯೋದು ಸುಲಭ. ಆದರೆ ಗೆಳೆಯರೇ, ವಾರ್ಡನ್ನಿಗೆ ಹೋಗಿ ಹೇಳಿದ್ದು ಯಾರು? ಮೂಗು ಮುಚ್ಚಿಕೊಂಡು 'ಥೂ, ಏನು ನಾತ' ಅಂತ ಎದ್ದು ಓಡಿದ್ದು ಯಾರು? ನಾವೇ. ಅದೇ ಕೇರಿಯಿಂದ, ಅದೇ ಲೈನುಮನೆಯಿಂದ ಬಂದ ನಾವೇ. ಮನೆಯಲ್ಲಿ ಆ ಗೊಜ್ಜು ಇಲ್ಲದೆ ಮುದ್ದೆ ಇಳಿಯದವರು, ಪಟ್ಟಣಕ್ಕೆ ಬಂದು ಆರು ತಿಂಗಳಲ್ಲಿ ಮೂಗು ಬದಲಾಯಿಸಿಕೊಂಡಿದ್ದೆವು. ಆ ಹುಡುಗ ಏನೂ ಮಾತಾಡಲಿಲ್ಲ. ಖಾಲಿ ಬಾಟ್ಲಿಯನ್ನು ನಲ್ಲಿಯ ಕೆಳಗೆ ಮೂರು ಸಲ ತೊಳೆದು ಪೆಟ್ಟಿಗೆಯಲ್ಲಿ ಇಟ್ಟುಕೊಂಡ. ಅವ್ವ ವಾಪಸ್ ತಾ ಅಂದಿದ್ದಳಂತೆ. ಆಮೇಲೆ ಅವನು ಏನನ್ನೂ ತರಲಿಲ್ಲ.

ಈ ವಾಸನೆಯ ವಿಷಯ ಸ್ವಲ್ಪ ನೋಡೋಣ. ಸೈನ್ಸ್ ಓದುವವರು ಇಲ್ಲಿ ಇದ್ದೀರಿ. ಸಮುದ್ರದ ಮೀನಿನ ಮೈಯಲ್ಲಿ ಒಂದು ವಸ್ತು ಇರುತ್ತದೆ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಟ್ರೈಮಿಥೈಲಮೀನ್ ಅನ್ನೋ ಅನಿಲ ಮಾಡುತ್ತವೆ. ನಾವು ಮೀನಿನ ವಾಸನೆ ಅನ್ನೋದರಲ್ಲಿ ಮುಖ್ಯವಾದದ್ದು ಅದು. ಇಂಗಿನ ವಾಸನೆ ಗಂಧಕದ ಸಂಯುಕ್ತಗಳದ್ದು. ಎರಡೂ ರಸಾಯನವೇ, ಎರಡೂ ಮೂಗಿಗೆ ಹೊಡೆಯುವಂಥವೇ. ಇಂಗು ಇರಾನ್, ಅಫಘಾನಿಸ್ತಾನದ ಕಡೆಯಿಂದ ಬಂದು ಅಗ್ರಹಾರದ ಸಾರಿಗೆ ಬಿದ್ದರೆ 'ಘಮ' ಆಯಿತು. ಕರಿಮೀನು ಮಂಗಳೂರಿನಿಂದ ಘಾಟಿ ಹತ್ತಿ ಕೇರಿಯ ಸಾರಿಗೆ ಬಿದ್ದರೆ 'ನಾತ' ಆಯಿತು. ಈ ವ್ಯತ್ಯಾಸ ಮೀನಿನಲ್ಲಿ ಇಲ್ಲ, ಇಂಗಿನಲ್ಲೂ ಇಲ್ಲ. ಯಾರ ಮನೆಯ ಒಲೆ ಅನ್ನೋದರಲ್ಲಿ ಇದೆ.

ಈ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಹಾಗಾದರೆ ಈ ಮೀನು ಎಲ್ಲಿಂದ ಬರುತ್ತದೆ, ಯಾರು ಒಣಗಿಸುತ್ತಾರೆ, ಯಾರು ತೂಗುತ್ತಾರೆ ಅಂತ ನೋಡಿಕೊಂಡೇ ಬರೋಣ ಅಂತ ನಾವು ಐದಾರು ಮಂದಿ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋದೆವು.

ಮಂಗಳೂರಿನ ಹಳೇ ಬಂದರು ಗುರುಪುರ ಮತ್ತು ನೇತ್ರಾವತಿ ಹೊಳೆಗಳು ಸಮುದ್ರ ಸೇರುವ ಜಾಗದಲ್ಲಿದೆ. ಪಣಂಬೂರಿನ ಹೊಸ ಬಂದರು 1975ರಲ್ಲಿ ಉದ್ಘಾಟನೆಯಾಗಿ ದೊಡ್ಡ ಹಡಗುಗಳು ಅಲ್ಲಿಗೆ ಹೋದವು. ಹಳೇ ಬಂದರಿಗೆ ಮೀನಿನ ಬೋಟುಗಳೂ ಲಕ್ಷದ್ವೀಪಕ್ಕೆ ಸಾಮಾನು ಸಾಗಿಸುವ ಮಂಜಿಗಳೂ ಉಳಿದವು. ಹಳೇ ಹೆಂಚಿನ ಗೋದಾಮುಗಳ ಓಣಿಗಳಲ್ಲಿ ಒಣಮೀನಿನ ಸಗಟು ವ್ಯಾಪಾರ. ಅಲ್ಲಿ ಹೋಗಿ ನಾವು 'ಕರಿಮೀನು' ಅಂದೆವು. ಅವರಿಗೆ ಅರ್ಥವಾಗಲಿಲ್ಲ. ನಮ್ಮ ಘಟ್ಟದ ಮೇಲಿನ ಕಡೆ ಎಲ್ಲ ಒಣಮೀನಿಗೂ ಒಂದೇ ಹೆಸರು. ಅಲ್ಲಿ ಒಂದೊಂದಕ್ಕೂ ಒಂದೊಂದು ಹೆಸರು, ಒಂದೊಂದು ದರ. ಬಂಗುಡೆ, ಬೂತಾಯಿ, ನಂಗು, ತೊರಕೆ, ಪಾಂಬೋಲು, ಕೊಲ್ಲತರು, ಸೀಗಡಿ. ಮಹಾರಾಷ್ಟ್ರ, ಗುಜರಾತ್ ಕಡೆಯ ಬೊಂಬಿಲು. ಲಕ್ಷದ್ವೀಪದ ಸೌದೆಯಂಥಾ ಗಟ್ಟಿ ಮಾಸ್‌ಮೀನು. ಉಪ್ಪು ಹಾಕಿ ಒಣಗಿಸಿದ್ದು ಬೇರೆ, ಉಪ್ಪಿಲ್ಲದೆ ಬರೀ ಬಿಸಿಲಿಗೆ ಒಣಗಿಸಿದ್ದು ಬೇರೆ. ಮರಳು ಸೇರಿದ್ದಕ್ಕೆ ದರ ಕಡಿಮೆ, ಚಾಪೆಯ ಮೇಲೆ ಒಣಗಿದ್ದಕ್ಕೆ ಜಾಸ್ತಿ. ಹೊಟ್ಟೆ ಒಡೆದದ್ದು, ಬಣ್ಣ ತಿರುಗಿದ್ದು ಕೋಳಿ ಆಹಾರಕ್ಕೆ. ನಾವು ಹತ್ತು ವರ್ಷ ತಿಂದಿದ್ದೆವು, ಒಂದರ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ.

ಅಲ್ಲಿ ಕೆಲಸ ಹಂಚಿಕೆಯಾಗಿರುವ ರೀತಿ ನೋಡಿ. ಕಡಲಿಗೆ ಹೋಗುವವರು ಗಂಡಸರು. ಹಸಿಮೀನನ್ನು ಕೊಂಡು, ಸೀಳಿ, ಉಪ್ಪು ಹಾಕಿ, ಹರಡಿ, ಮಗುಚಿ, ಕಾಗೆ ನಾಯಿ ಓಡಿಸಿ, ಸಂಜೆ ಬಾಚಿ ಒಳಗಿಡುವವರು ಹೆಂಗಸರು. ಚೀಲ ಹೊರುವವರು ಹಮಾಲರು. ತಕ್ಕಡಿ, ಗೋದಾಮು, ಲಾರಿ, ಲೆಕ್ಕದ ಪುಸ್ತಕ ಇವು ನಾಲ್ಕೂ ವ್ಯಾಪಾರಸ್ಥರ ಕೈಯಲ್ಲಿ.

ಅಲ್ಲಿಂದ ನಾವು ಕಡಲ ದಂಡೆಗೆ ಹೋದೆವು. ಬಲೆ ಹಾಸಿ ಕೊಲ್ಲತರು ಹರಡುತ್ತಿದ್ದ ಒಬ್ಬ ತಾಯಿ ಸಿಕ್ಕರು. ವಯಸ್ಸು ಅರವತ್ತರ ಮೇಲೆ. ಕೈಬೆರಳ ಸಂದುಗಳಲ್ಲಿ ಉಪ್ಪು ತಿಂದ ಗಾಯ. 'ಅಕ್ಕಾ, ಇದನ್ನು ಎಲ್ಲಿಗೆ ಕೊಡ್ತೀರಿ?' ಅಂದೆವು. 'ಬಂದರಿಗೆ' ಅಂದರು. 'ಅಲ್ಲಿಂದ?' 'ಅದು ನಮಗೆ ಎಂತ ಗೊತ್ತು ಮಾರಾಯ್ರೆ? ಲಾರಿ ಹೋಗ್ತದೆ.' ನಾವು ಮೂಡಿಗೆರೆ ಕಡೆಯ ತೋಟದ ಲೈನುಮನೆಗಳ ಹೆಸರು ಹೇಳಿದೆವು. ಅಲ್ಲಿ ಭಾನುವಾರದ ಸಂತೆಯಲ್ಲಿ ನಮ್ಮ ಅವ್ವಂದಿರು ಇದನ್ನೇ ಕೊಳ್ಳೋದು ಅಂದೆವು. ಅವರು ಕೈ ನಿಲ್ಲಿಸಿ ನಮ್ಮ ಮುಖ ನೋಡಿದರು. 'ಹೌದಾ? ಘಟ್ಟದ ಮೇಲಿನವರು ಇದನ್ನು ತಿನ್ನುದಾ? ನಾನು ನಮ್ಮವರು ಮಾತ್ರ ತಿನ್ನುದು ಅಂತ ಗ್ರಹಿಸಿದ್ದೆ.'

ಗೆಳೆಯರೇ, ಈ ಮಾತು ಕೇಳಿ ನಾವು ಅಲ್ಲೇ ಮರಳ ಮೇಲೆ ಕೂತುಬಿಟ್ಟೆವು. ನಲವತ್ತು ವರ್ಷ ಮೀನು ಒಣಗಿಸಿದವರಿಗೆ ತಿನ್ನುವವರು ಯಾರು ಅಂತ ಗೊತ್ತಿಲ್ಲ. ಹುಟ್ಟಿದಾಗಿನಿಂದ ತಿಂದ ನಮಗೆ ಒಣಗಿಸುವವರು ಯಾರು ಅಂತ ಗೊತ್ತಿಲ್ಲ. ಇಬ್ಬರನ್ನೂ ಬಲ್ಲದ್ದು ಬಂದರಿನ ತಕ್ಕಡಿ ಒಂದೇ.

ಈಗ ಆ ತಕ್ಕಡಿಯ ಲೆಕ್ಕ. ಸಣ್ಣ ಮೀನು ನಾಲ್ಕು ಕಿಲೋ ಒಣಗಿದರೆ ಸುಮಾರು ಒಂದು ಕಿಲೋ ಆಗುತ್ತದೆ. ಉಳಿದದ್ದು ನೀರು, ಬಿಸಿಲಿಗೆ ಹೋಯಿತು. ಅಂದರೆ ಹಸಿಮೀನಿನ ದರದ ನಾಲ್ಕರಷ್ಟು, ಅದರ ಮೇಲೆ ಉಪ್ಪು, ಅದರ ಮೇಲೆ ಎರಡು ಮೂರು ದಿನದ ದುಡಿಮೆ, ಇಷ್ಟು ಸೇರಿದರೆ ಮಾತ್ರ ಅವರಿಗೆ ಗಿಟ್ಟುತ್ತದೆ. ನಡುವೆ ಒಂದು ಅಕಾಲದ ಮಳೆ ಬಂದರೆ ಹರಡಿದ್ದೆಲ್ಲ ಹುಳ. ಹಸಿಮೀನು ಕೊಳ್ಳಲು ಕೈಯಲ್ಲಿ ದುಡ್ಡಿಲ್ಲದವರು ಮುಂಗಡ ತರುತ್ತಾರೆ. ಮುಂಗಡ ಕೊಟ್ಟವನಿಗೇ ಮಾಲು ಹಾಕಬೇಕು, ಅವನು ಹೇಳಿದ ದರಕ್ಕೇ ಹಾಕಬೇಕು. 'ಇನ್ನೂ ಒಣಗಬೇಕಿತ್ತು' ಅಂತ ತೂಕದಲ್ಲಿ ಕಡಿತ ಬೇರೆ.

ಇದಕ್ಕಿಂತ ದೊಡ್ಡ ಲೆಕ್ಕ ಕಾಲದ್ದು. ಕರ್ನಾಟಕದ ಕರಾವಳಿಯಲ್ಲಿ ಯಂತ್ರದ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಕಡಲೂ ಆಗ ಹುಚ್ಚೆದ್ದಿರುತ್ತದೆ. ಹಸಿಮೀನು ಇಲ್ಲ, ಒಣಮೀನಿಗೆ ದರ ಏರುತ್ತದೆ. ಆದರೆ ಮಳೆಗಾಲದವರೆಗೆ ಮಾಲು ಇಟ್ಟುಕೊಳ್ಳಲು ಸೋರದ ಮಾಡು ಬೇಕು, ಬೆಚ್ಚಗಿನ ಗೋದಾಮು ಬೇಕು, ಅಷ್ಟು ದಿನ ಉಣ್ಣಲು ಬೇರೆ ಗತಿ ಬೇಕು. ಆ ತಾಯಿಗೆ ಇವು ಮೂರೂ ಇಲ್ಲ. ಬಿಸಿಲಿರುವಾಗ, ಎಲ್ಲರ ಮಾಲೂ ಒಟ್ಟಿಗೆ ಬಂದು ದರ ಬಿದ್ದಾಗ ಮಾರಿಬಿಡುತ್ತಾರೆ. ಇತ್ತ ಘಟ್ಟದ ಮೇಲೆ ನಮ್ಮವ್ವನಿಗೂ ಒಟ್ಟಿಗೆ ಕೊಂಡಿಡುವ ಶಕ್ತಿ ಇಲ್ಲ. ಆಷಾಢದಲ್ಲಿ ತೋಟದಲ್ಲಿ ಮಳೆ ಹಿಡಿದು ತರಕಾರಿ ಇಲ್ಲದಾಗ, ದರ ನೆತ್ತಿಗೇರಿದಾಗ, ನೂರು ಗ್ರಾಂ ಇನ್ನೂರು ಗ್ರಾಂ ಲೆಕ್ಕದಲ್ಲಿ ಕೊಳ್ಳುತ್ತಾಳೆ. ಒಣಗಿಸುವವಳು ಅಗ್ಗದ ಕಾಲದಲ್ಲಿ ಮಾರುತ್ತಾಳೆ, ತಿನ್ನುವವಳು ತುಟ್ಟಿಯ ಕಾಲದಲ್ಲಿ ಕೊಳ್ಳುತ್ತಾಳೆ. ನಡುವಿನ ಮೂರು ತಿಂಗಳನ್ನು ಯಾರು ಗೋದಾಮಿನಲ್ಲಿ ಬೀಗ ಹಾಕಿಡಬಲ್ಲರೋ ಲಾಭ ಅವರದು. ನಮ್ಮ ರಾಗಿ ಭತ್ತದ ಕಥೆಯೂ ಇದೇ ಅಲ್ಲವೇ? ಸುಗ್ಗಿಯಲ್ಲಿ ಮಾರಿ, ಅದನ್ನೇ ಮಳೆಗಾಲದಲ್ಲಿ ಕೊಂಡು ತಿನ್ನುವವರು ನಾವು.

ಇದೆಲ್ಲ ವಿಧಿಬರಹ ಅಂತ ಯಾರಾದರೂ ಅಂದರೆ ನಂಬಬೇಡಿ. ಇದನ್ನು ಮಾಡಿದ್ದು ಸರ್ಕಾರಗಳು, ಬಂಡವಾಳ ಮತ್ತು ಜಾತಿ. ಒಂದೊಂದಾಗಿ ನೋಡಿ.

ಉಪ್ಪು. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಉಪ್ಪಿನ ಮೇಲೆ ತೆರಿಗೆ. ಕಡಲ ದಂಡೆಯ ಉಪ್ಪುಮಣ್ಣನ್ನು ಕೆರೆದು ಮೀನಿಗೆ ಹಾಕಿದರೂ ಅಪರಾಧ. ಕಣ್ಣೆದುರೇ ಸಮುದ್ರ, ಮೀನಿಗೆ ಹಾಕಲು ಉಪ್ಪಿಲ್ಲ. ಮೀನುಗಳ ಮೇಲೆ ದೊಡ್ಡ ಗ್ರಂಥ ಬರೆದ ಫ್ರಾನ್ಸಿಸ್ ಡೇ ಎಂಬ ಅಧಿಕಾರಿ 1873ರ ತನ್ನ ವರದಿಯಲ್ಲಿ ಈ ಉಪ್ಪಿನ ಪ್ರಶ್ನೆ ಎತ್ತಿದ. 1870ರ ದಶಕದಿಂದ ಸರ್ಕಾರ ಬೇಲಿ ಹಾಕಿದ ಅಂಗಳಗಳನ್ನು ತೆರೆಯಿತು. ಅಲ್ಲಿ ರಿಯಾಯಿತಿಯ ಉಪ್ಪು ಸಿಗುತ್ತಿತ್ತು, ಆದರೆ ಮೀನನ್ನು ಅಲ್ಲೇ ತಂದು, ಪೇದೆಯ ಕಣ್ಣೆದುರೇ ಉಪ್ಪು ಹಾಕಬೇಕು. ದೂರದ ಹಳ್ಳಿಯ ಬಡವರು ಅಂಗಳಕ್ಕೆ ಮೀನು ಹೊತ್ತು ತರೋದು ಹೇಗೆ? ಅಂಗಳದ ಹತ್ತಿರ ಚಪ್ಪರ ಹಾಕಿಕೊಂಡು ದುಡ್ಡು ಹೂಡಬಲ್ಲವರಿಗೇ ಅನುಕೂಲ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದನ್ನು ನಾವೆಲ್ಲ ಪಾಠದಲ್ಲಿ ಓದಿದ್ದೇವೆ. ಉಪ್ಪು ಅಂದರೆ ಬರೀ ಸಾರಿಗೆ ಹಾಕುವ ಚಿಟಿಕೆ ಅಂತ ತಿಳಿದಿದ್ದೆವು. ಕರಾವಳಿಯ ಹೆಂಗಸರಿಗೆ ಉಪ್ಪು ಅಂದರೆ ಕಸುಬಿನ ಬಂಡವಾಳ ಅಂತ ಯಾವ ಮೇಷ್ಟರೂ ಹೇಳಲಿಲ್ಲ. ಆ ತೆರಿಗೆ ರದ್ದಾದದ್ದು 1947ರಲ್ಲಿ.

ಬಲೆ. ಹಿಂದೆ ರಂಪಣಿ ಅನ್ನೋ ದೊಡ್ಡ ಬಲೆ ಇತ್ತು. ದಡದಿಂದಲೇ ಹತ್ತಾರು ಜನ, ಕೆಲವು ಸಲ ನೂರಾರು ಜನ ಸೇರಿ ಎಳೆಯಬೇಕು. ಎಳೆದವರಿಗೆ ಪಾಲು. ಮೀನು ಊರಿನ ದಡದಲ್ಲೇ ರಾಶಿ ಬೀಳುತ್ತಿತ್ತು, ಅಲ್ಲೇ ಹೆಂಗಸರ ಕೈಗೆ ಸಿಗುತ್ತಿತ್ತು. 1970ರ ದಶಕದ ನಡುಭಾಗದಲ್ಲಿ ಪರ್ಸೀನ್ ಬೋಟುಗಳು ಬಂದವು. ದಡಕ್ಕೆ ಬರುವ ಬಂಗುಡೆ, ಬೂತಾಯಿಯ ಹಿಂಡನ್ನು ಕಡಲಲ್ಲೇ ಸುತ್ತಿ ಎತ್ತಿಬಿಟ್ಟವು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಮೀನು ಊರಿನ ದಡ ಬಿಟ್ಟು ದೊಡ್ಡ ಬಂದರುಗಳ ದಕ್ಕೆಗೆ ಹೋಯಿತು. ಅಲ್ಲಿ ಹರಾಜು, ಅಲ್ಲಿ ನಗದು. ಪಾಲು ತಗೊಳ್ಳುತ್ತಿದ್ದವರು ಸವಾಲು ಕೂಗುವವರಾಗಬೇಕಾಯಿತು.

ಮಿಲ್ಲು. ಮಂಗಳೂರು–ಉಡುಪಿ ಕರಾವಳಿಯಲ್ಲಿ ಮೀನನ್ನು ಹಿಂಡಿ ಎಣ್ಣೆ ತೆಗೆದು, ಉಳಿದದ್ದನ್ನು ಪುಡಿ ಮಾಡಿ ಕೋಳಿಗೂ ಸಾಕಿದ ಸೀಗಡಿಗೂ ಆಹಾರ ಮಾಡುವ ಕಾರ್ಖಾನೆಗಳು ಎದ್ದಿವೆ. ಬೂತಾಯಿಯನ್ನು ಟನ್ನುಗಟ್ಟಲೆ ಅವು ಕೊಳ್ಳುತ್ತವೆ. ಹರಾಜಿನಲ್ಲಿ ಒಂದು ಬುಟ್ಟಿ ಮೀನಿಗೆ ಬಂದ ಹೆಂಗಸಿನ ಎದುರಿಗೆ ನಿಂತಿರೋದು ಲಾರಿ ತಂದ ಕಾರ್ಖಾನೆ. ಬಡವರ ತಟ್ಟೆಗೆ ಬರಬೇಕಾದ ಮೀನು ಕೋಳಿಯ ಬೂಸಾ ಆಗುತ್ತದೆ, ಆ ಕೋಳಿ ಪಟ್ಟಣದ ಹೋಟೆಲಿಗೆ ಹೋಗುತ್ತದೆ.

ನೆಲ. ಮೀನು ಒಣಗಿಸಲು ಬೇಕಾದದ್ದು ಬಿಸಿಲು ಮತ್ತು ಖಾಲಿ ಮರಳ ದಂಡೆ. ಅದಕ್ಕೆ ಪಟ್ಟೆ ಇಲ್ಲ, ಪಹಣಿ ಇಲ್ಲ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಯೋಜನೆ ಬಂದಾಗ ಒಣಮೀನಿನ ಹೆಂಗಸರು ಪೊಲೀಸರ ಎದುರು ನಿಂತದ್ದು ಇದಕ್ಕೇ. ನಮ್ಮ ಗೋಮಾಳದ, ಬಗರ್‌ಹುಕುಂ ಹೋರಾಟ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಗದವಿಲ್ಲದ ನೆಲದಲ್ಲಿ ದುಡಿಯುವವರು ಯಾವಾಗಲೂ ಒತ್ತುವರಿದಾರರು, ಕಾಗದ ಮಾಡಿಸಿಕೊಂಡು ಬಂದವನು ಅಭಿವೃದ್ಧಿಕಾರ.

ಇನ್ನು ಜಾತಿ. ಇದನ್ನು ಹೇಳುವಾಗ ನಾವು ಯಾರಿಗೂ ರಿಯಾಯಿತಿ ತೋರಿಸಬಾರದು. ಆ ದಂಡೆಯಲ್ಲಿ ಆ ತಾಯಿ ನಮ್ಮನ್ನು 'ನೀವು ಎಂತ ಜನ?' ಅಂತ ಕೇಳಿದರು. ಅಲ್ಲಿ ಜಾತಿ ಕೇಳೋದು ಹಾಗೆ. ನಾವು ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಕುಡಿಯಲು ನೀರು ಕೊಟ್ಟರು. ಕೊಟ್ಟದ್ದು ಪ್ಲಾಸ್ಟಿಕ್ ಬಾಟ್ಲಿಯಲ್ಲಿ. ಮನೆಯ ಚೊಂಬಿನಲ್ಲಿ ಕೊಡುತ್ತಿದ್ದರೋ ಇಲ್ಲವೋ, ನಾವು ಕೇಳಲಿಲ್ಲ. ಅದೇ ತಾಯಿ, ಮೀನಿನ ಬುಟ್ಟಿ ಇದೆ ಅಂತ ಬಸ್ಸಿನವರು ತಮ್ಮನ್ನು ಹತ್ತಿಸದೆ ಹೋದದ್ದನ್ನು, ಹತ್ತಿದರೆ ಪಕ್ಕದವರು ಸೆರಗು ಎಳೆದುಕೊಂಡು ಎದ್ದು ಹೋದದ್ದನ್ನು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರು. ತನಗಾದ ಅವಮಾನ ಗೊತ್ತು, ತನ್ನ ಕೆಳಗಿನವರಿಗೆ ತಾನು ಮಾಡುವ ಅವಮಾನ ಕಾಣೋದಿಲ್ಲ. ಇದು ಅವರೊಬ್ಬರ ದೋಷ ಅಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಈ ವ್ಯವಸ್ಥೆಯ ಕಪಟವೇ ಇದು ಅಂತ ಬಾಬಾಸಾಹೇಬರು ನಮಗೆ ಬಿಡಿಸಿ ತೋರಿಸಿದ್ದಾರೆ.

ಆ ಮೆಟ್ಟಿಲಿನ ತಳದಲ್ಲಿ ಇನ್ನೂ ಒಬ್ಬರು ಇದ್ದಾರೆ. ಕರಾವಳಿಯಲ್ಲಿ ಬಿಳಲು, ಬೆತ್ತ, ಬಿದಿರಿನ ಬುಟ್ಟಿ ಹೆಣೆಯುವ ಕಸುಬು ಕೊರಗರದು. ಅವರು ಹೆಣೆದ ಬುಟ್ಟಿ ಎಲ್ಲರ ಮನೆಯೊಳಗೆ ಹೋಯಿತು, ಹೆಣೆದ ಕೈ ಅಂಗಳಕ್ಕೂ ಬರಬಾರದಿತ್ತು. ಅಜಲು ಅನ್ನೋ ಹೆಸರಿನಲ್ಲಿ ಅವರಿಗೆ ಮಾಡುತ್ತಿದ್ದ ಹೇಯ ಆಚರಣೆಯನ್ನು ನಿಷೇಧಿಸುವ ಕಾನೂನು ಬರಲು 2000ನೇ ಇಸವಿ ಆಗಬೇಕಾಯಿತು. ಈಗ ಪ್ಲಾಸ್ಟಿಕ್ ಕ್ರೇಟು ಬಂದು ಬುಟ್ಟಿಯ ದುಡಿಮೆಯೂ ಹೋಯಿತು. ಒಣಮೀನಿನ ವ್ಯಾಪಾರದ ಚರಿತ್ರೆ ಬರೆಯುವವರು ಮೊದಲ ಪುಟದಲ್ಲಿ ಆ ಬುಟ್ಟಿ ಹೆಣೆದವರ ಹೆಸರು ಬರೆಯಬೇಕು.

ಇನ್ನೊಂದು ಮಾತು. ಈ ಮೀನು ಹಿಂದಿನಿಂದಲೂ ಕೂಲಿಯ ಬೆನ್ನ ಹಿಂದೆಯೇ ನಡೆದಿದೆ. ಬ್ರಿಟಿಷರ ಕಾಲದಲ್ಲಿ ಪಶ್ಚಿಮ ಕರಾವಳಿಯ ಉಪ್ಪುಮೀನು ಹಡಗು ಹತ್ತಿ ಸಿಲೋನಿಗೆ ಹೋಗುತ್ತಿತ್ತು. ಅಲ್ಲಿಯ ಟೀ ತೋಟಗಳಲ್ಲಿ ದುಡಿದ ತಮಿಳು ಕೂಲಿಗಳಲ್ಲಿ ಬಹಳ ಮಂದಿ ನಮ್ಮಂಥ ಅಸ್ಪೃಶ್ಯ ಜಾತಿಗಳವರೇ. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಲಾರಿ ಹತ್ತಿ ಬಂತು. ಕೆಡುವುದಿಲ್ಲ, ಹಗುರ, ಒಂದು ತುಂಡಿನಲ್ಲಿ ಒಂದು ಗಡಿಗೆ ಸಾರು ಆಗುತ್ತದೆ. ಕಡಿಮೆ ಕೂಲಿ ಕೊಟ್ಟು ಮನುಷ್ಯನನ್ನು ಬದುಕಿಸಿಡಲು ಇದಕ್ಕಿಂತ ಅನುಕೂಲದ ಆಹಾರ ಧಣಿಗಳಿಗೆ ಬೇರೆ ಇರಲಿಲ್ಲ. ಆ ಮೀನು ಅಗ್ಗವಾಗಿ ಉಳಿದದ್ದು ಆ ತಾಯಂದಿರ ಬೆರಳ ಗಾಯದಿಂದ. ಎರಡು ದುಡಿಮೆಗಳನ್ನು ಅಗ್ಗ ಮಾಡಿ, ಎರಡನ್ನೂ ನಾರುತ್ತದೆ ಅಂದರು.

ಆದರೆ ಇದು ಕೀಳು ಆಹಾರ ಅಂತ ಯಾರೂ ತಿಳಿಯಬೇಡಿ. ಉಪ್ಪಿಲ್ಲದೆ ಚೆನ್ನಾಗಿ ಒಣಗಿಸಿದ ಸಣ್ಣ ಮೀನಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೋಟೀನು. ಮುಳ್ಳು ಸಮೇತ ಅಗಿದು ತಿಂದರೆ ಸುಣ್ಣದ ಅಂಶ. ಕೆಟ್ಟ ಮಾಲೂ ಇದೆ, ಹುಳ ಬೀಳದಿರಲಿ ಅಂತ ಕೀಟನಾಶಕ ಹೊಡೆಯುವವರೂ ಇದ್ದಾರೆ. ಅದನ್ನು ಪರೀಕ್ಷೆ ಮಾಡಿ ತಡೆಯಿರಿ ಅಂತ ಕೇಳುವ ಹಕ್ಕು ನಮಗಿದೆ. ಆದರೆ ನಾಚಿಕೆಪಡುವವನು ಯಾವ ಹಕ್ಕನ್ನೂ ಕೇಳಲಾರ. ತಾನು ತಿನ್ನುವುದನ್ನೇ ಬಚ್ಚಿಡುವವನು ಅದರ ದರದ ಬಗ್ಗೆ, ತೂಕದ ಬಗ್ಗೆ, ವಿಷದ ಬಗ್ಗೆ ಬಾಯಿ ಬಿಡೋದು ಹೇಗೆ? ನಮ್ಮ ನಾಚಿಕೆಯಿಂದ ಯಾರಿಗೆ ಲಾಭ ಅಂತ ಈಗ ಗೊತ್ತಾಯಿತಲ್ಲ.

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ಬೇಡ ಅಂದರು. ಶಾಲೆಯ ಮಕ್ಕಳೇ ಎದ್ದು ನಿಂತು ನಮಗೆ ಬೇಕು ಅಂದರು. ಮೊಟ್ಟೆ ಉಳಿಯಿತು. ಆ ಮಕ್ಕಳಿಗಿದ್ದ ಧೈರ್ಯ ಕಾಲೇಜು ಓದುವ ನಮಗೆ ಇರಬಾರದೇ?

ಆದ್ದರಿಂದ ಮೂರು ಕೆಲಸ ಹೇಳಿ ಮುಗಿಸುತ್ತೇವೆ.

ಒಂದು. ಪ್ರತಿಯೊಬ್ಬರೂ ನಿಮ್ಮ ನಿಮ್ಮ ಸಂತೆಗೆ ಹೋಗಿ. ಕರಿಮೀನು ಮಾರುವವರನ್ನು ಮೂರು ಪ್ರಶ್ನೆ ಕೇಳಿ: ಮಾಲು ಎಲ್ಲಿಂದ ಬಂತು, ಯುಗಾದಿಯಲ್ಲಿ ದರ ಎಷ್ಟಿತ್ತು, ಆಷಾಢದಲ್ಲಿ ಎಷ್ಟಾಯಿತು. ನೋಟ್‌ಬುಕ್ಕಿನಲ್ಲಿ ಬರೆದು ಮುಂದಿನ ಶಿಬಿರಕ್ಕೆ ತನ್ನಿ. ಹತ್ತು ತಾಲೂಕಿನ ದರ ಒಟ್ಟಿಗೆ ಇಟ್ಟರೆ ಯಾರ ಭಾಷಣವೂ ಬೇಕಾಗಿಲ್ಲ, ಲೆಕ್ಕವೇ ಮಾತಾಡುತ್ತದೆ.

ಎರಡು. ಮೀನು ಒಣಗಿಸುವ ಹೆಂಗಸರ ಸಂಘಗಳಿಂದ ನೇರವಾಗಿ ಮಾಲು ಕೊಂಡು ಹಾಸ್ಟೆಲುಗಳಲ್ಲಿ ವಾರಕ್ಕೊಮ್ಮೆ ಒಣಮೀನಿನ ಸಾರು ಮಾಡಿ, ಬೇಡದವರಿಗೆ ಬೇರೆ ಮಾಡಿ ಅಂತ ಇಲಾಖೆಗೆ ಅರ್ಜಿ ಬರೆಯೋಣ. ಆ ತಾಯಂದಿರನ್ನು ನಮ್ಮ ಶಿಬಿರಕ್ಕೆ ಕರೆಯೋಣ. ಒಂದೇ ಸಾಲಿನಲ್ಲಿ ಕೂತು ಉಣ್ಣೋಣ. ಚೊಂಬಿನ ಪ್ರಶ್ನೆ ಅಲ್ಲಿ ತೀರ್ಮಾನವಾಗಲಿ.

ಮೂರು. ನಿಮ್ಮ ಹಾಸ್ಟೆಲಿನಲ್ಲಿ ಯಾವ ಹುಡುಗನ ಬಾಟ್ಲಿಯೂ ಚರಂಡಿಗೆ ಬೀಳಬಾರದು. ಯಾರಾದರೂ ವಾರ್ಡನ್ ಹತ್ತಿರ ಓಡಲು ಎದ್ದರೆ ಕೈಹಿಡಿದು ಕೂರಿಸಿ, ಒಂದು ತುತ್ತು ಅವರ ತಟ್ಟೆಗೂ ಹಾಕಿ.

ಆ ಹುಡುಗನ ವಿಷಯ ಹೇಳಿ ನಿಲ್ಲಿಸುತ್ತೇವೆ. ಮಂ­ಗಳೂರಿಗೆ ಹೋದ ಐದಾರು ಮಂದಿಯಲ್ಲಿ ಅವನೂ ಇದ್ದ. ಬರುವಾಗ ಅವನು ಆ ತಾಯಿಯ ಹತ್ತಿರ ಅರ್ಧ ಕಿಲೋ ಕೊಲ್ಲತರು ಕೊಂಡ. ಬಸ್ಸಿನಲ್ಲಿ ಚೀಲವನ್ನು ಸೀಟಿನ ಕೆಳಗೆ ತುರುಕಲು ಹೋದ ನಮ್ಮನ್ನು ತಡೆದು, ತೊಡೆಯ ಮೇಲೆ ಇಟ್ಟುಕೊಂಡು ಕೂತ. ಘಾಟಿ ಹತ್ತುವವರೆಗೂ ಹಿಂದೆ ಮುಂದೆ ಯಾರ್ಯಾರೋ ಮೂಗು ಮುಚ್ಚಿಕೊಂಡರು. ನಾವು ಮುಚ್ಚಿಕೊಳ್ಳಲಿಲ್ಲ.

ಜೈಭೀಮ್.